ಮಾಲೆ ಹಾಕಿದಾಗ ಬಿಟ್ಟವರು ಈಗ್ಯಾಕೆ ಬಿಡಲ್ಲ?

ಪ್ರಶ್ನೆ: ಸರ್, ನಮ್ಮ ಯಜಮಾನರು ಗಾರೆ ಮೇಸ್ತ್ರಿ. ವಯಸ್ಸು 39. ಮೊದಲು ಶನಿವಾರ ಬಟವಾಡೆ ದಿನ ಮಾತ್ರ ಕುಡಿಯುತ್ತಿದ್ದರು. ಆಮೇಲೆ ಸೊಂಟನೋವಿಗೆ, ನಿದ್ದೆಗೆ ಅಂತ ಜಾಸ್ತಿಯಾಯಿತು. ಈಗ ದಿನಾ ಎರಡು ಕ್ವಾರ್ಟರ್. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ನೈಂಟಿ ಹಾಕಿದ ಮೇಲೇ ಕರಣೆ ಹಿಡಿಯುವುದು. ಆರು ವರ್ಷದ ಹಿಂದೆ ಅಯ್ಯಪ್ಪ ಮಾಲೆ ಹಾಕಿ 48 ದಿನ ತೊಟ್ಟೂ ಮುಟ್ಟಿರಲಿಲ್ಲ. ಮನಸ್ಸು ಮಾಡಿದರೆ ಬಿಡಬಹುದು ಅಲ್ವಾ? ಗೊತ್ತಾಗದಂತೆ ಸಾರಿಗೆ ಬೆರೆಸುವ ಪುಡಿ ಸಿಗುತ್ತದಂತೆ. ಹಾಕಲಾ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ತಂಗಿ, ಪುಡಿ ಹಾಕಬೇಡಿ. ಅಂಥ ಪೊಟ್ಟಣದಲ್ಲಿ ಏನಿದೆ ಅಂತ ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಕೊಟ್ಟಿದ್ದರಂತೂ ಇನ್ನೂ ಅಪಾಯ. ಅದು ಹೊಟ್ಟೆಗೆ ಹೋಗಿರುವುದು ಗೊತ್ತಿಲ್ಲದೆ ಕುಡಿದರೆ ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವವೇ ಹೋಗಬಹುದು. ಮಾತ್ರೆ ಕೆಟ್ಟದ್ದಲ್ಲ. ಆದರೆ ನುಂಗುವವರಿಗೆ ಗೊತ್ತಿರಬೇಕು, ಡಾಕ್ಟರ್ ನೋಡಿ ಕೊಟ್ಟಿರಬೇಕು.

ಮಾಲೆಯ ಸಾಲನ್ನು ಎರಡು ಸಲ ಓದಿದೆ. ನಾನೂ ಮಾಲೆ ಹಾಕಿದವನೇ. ಶಬರಿಮಲೆಯಿಂದ ಊರಿಗೆ ಬಂದ ರಾತ್ರಿಯೇ ಕುಡಿದವನು. ಆ 48 ದಿನ ಏನೇನು ಬೇರೆಯಾಗಿತ್ತು ನೆನಪು ಮಾಡಿಕೊಳ್ಳಿ. ಬೆಳಗಿನ ಜಾವದ ತಣ್ಣೀರು ಸ್ನಾನ, ಕಪ್ಪು ಬಟ್ಟೆ, ಸಂಜೆ ಭಜನೆ. ಜೊತೆಗಿದ್ದವರು ಬೇರೆ. ಕುಡುಕ ಅನ್ನುತ್ತಿದ್ದ ಬಾಯಿಗಳೇ 'ಸ್ವಾಮಿ' ಅನ್ನುತ್ತಿದ್ದವು. ಮಾಲೆ ತೆಗೆದ ಮಾರನೇ ದಿನ ಅದೇ ಬೀದಿ, ಅದೇ ಗೆಳೆಯರು, ಅದೇ ಸೊಂಟನೋವು.

ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರದ್ದೂ ಇದೇ ಕಥೆ, ಉಲ್ಟಾ. 1971ರಲ್ಲಿ ವಾಪಸಾದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಹೆಚ್ಚು ಕಡಿಮೆ ಐವರಲ್ಲೊಬ್ಬ ಅಲ್ಲಿ ಹೆರಾಯಿನ್‌ನಂಥ ಮಾದಕಕ್ಕೆ ದಾಸನಾಗಿದ್ದ. ಊರಿಗೆ ಬಂದ ಮೇಲೆ, ಒಂದು ವರ್ಷದೊಳಗೆ ಮತ್ತೆ ದಾಸರಾದವರು ಅವರಲ್ಲಿ ನೂರಕ್ಕೆ ಐವರಷ್ಟೇ. ಅವರು ಊರು ಬಿಟ್ಟು ಹೋಗಿ ಕಲಿತರು, ಊರಿಗೆ ಬಂದು ಬಿಟ್ಟರು. ನಮ್ಮವರಿಗೆ ಕುಡಿತ ಕಲಿಸಿದ್ದೇ ಊರು.

ಹಾಗಂತ ಜಾಗ ಬದಲಿಸಿದರೆ ಸಾಕು ಅಂತಲ್ಲ. ಮಾಲೆ ಹಾಕಿದಾಗಿನ ಅವರ ಮೈ ಬೇರೆ, ಈಗಿನದು ಬೇರೆ. ದಿನಾ 360 ಎಂ.ಎಲ್. ಬಿದ್ದರೆ ಆ ಮಂಪರನ್ನು ಎದುರಿಸಲು ಮಿದುಳು ಓವರ್‌ಟೈಮ್ ಕೆಲಸ ಮಾಡುತ್ತದೆ. ರಾತ್ರಿ ಕಳೆದು ಅಮಲು ಇಳಿದರೂ ಮಿದುಳಿನ ಓಟ ನಿಲ್ಲುವುದಿಲ್ಲ. ಅದೇ ಬೆವರು, ಗಾಬರಿ, ನಡುಕ. ಬೆಳಗಿನ ನೈಂಟಿ ಖುಷಿಗಲ್ಲ ತಂಗಿ, ಆ ನಡುಕ ನಿಲ್ಲಿಸುವುದಕ್ಕೆ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆ. ನೋಟು ಎಣಿಸಲು ಒದ್ದೆ ಸ್ಪಂಜಿಗೆ ಬೆರಳು ಅದ್ದಿದರೆ ಅದರ ಬಟ್ಟಲು ಟೇಬಲ್ ಮೇಲೆ ಟಕಟಕ ಅನ್ನುತ್ತಿತ್ತು. ಗಿರಾಕಿಗಳು ಬರುವ ಮುಂಚೆ ಹಳೇ ಲೆಡ್ಜರುಗಳ ರೂಮಿಗೆ ಹೋಗಿ ಬರುತ್ತಿದ್ದೆ. ಲೆಡ್ಜರಿನ ಹಿಂದೆ ಬಾಟಲಿ. ಶುರುವಾಗಿದ್ದು ಅಪ್ಪ ಸತ್ತ ವರ್ಷ, ಸುಮ್ನೆ ನಿದ್ದೆ ಬರಲಿ ಅಂತ. ಅಪ್ಪನೂ ಕುಡಿಯುತ್ತಿದ್ದರು. ಚಟದಲ್ಲಿ ಅರ್ಧ ಪಾಲು ವಂಶದಿಂದಲೇ ಬರುತ್ತದೆ ಅಂತಾರೆ ಡಾಕ್ಟರುಗಳು.

ಅದಕ್ಕೇ ಹೇಳುವುದು, ಆಣೆ ಹಾಕಿಸಿ ಇವತ್ತೇ ಬಿಡಿಸಲು ಹೋಗಬೇಡಿ. ಈ ಹಂತದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಗೋಡೆ ಮೇಲೆ ಇಲ್ಲದ ಹುಳ ಕಾಣಬಹುದು. ನಾನು ಕಂಡಿದ್ದೇನೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ನಡುಕಕ್ಕೆ ಮಾತ್ರೆ, ಬಿ1 ವಿಟಮಿನ್ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ. ಸೊಂಟನೋವನ್ನೂ ಹೇಳಿ, ಮರೆಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅವರು ಬರಲ್ಲ ಅಂದರೆ ನೀವೊಬ್ಬರೇ ಹೋಗಿ. ನನ್ನ ಹೆಂಡತಿಯೂ ಮೊದಲು ಒಬ್ಬಳೇ ಹೋಗಿದ್ದಳು. ವಾಪಸ್ ಬಂದು ಬೈಯಲಿಲ್ಲ. "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ ನಿಮಗೆ?" ಅಂತ ಕೇಳಿದಳು. ನಾನು ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಅದಾದ ಐದು ತಿಂಗಳಿಗೆ.