ಅತ್ತರೆ ಕೆಂಪು, ಸುಮ್ಮನಾದರೆ ನೀಲಿ

ಪ್ರಶ್ನೆ: ಮಗಳು ಬಾಣಂತನಕ್ಕೆ ನಮ್ಮಲ್ಲಿದ್ದಾಳೆ. ಮಗುವಿಗೆ ಎರಡು ತಿಂಗಳು. ಬಲ ಹೊಳ್ಳೆಯಲ್ಲಿ ಯಾವಾಗಲೂ ಅಂಟು ಸಿಂಬಳ. ಹೋದ ವಾರ ನೆಗಡಿಯಾಗಿ ಹಾಲು ಕುಡಿಯುವಾಗ ತುಟಿ ನೀಲಿಗಟ್ಟಿತು. ತುಮಕೂರಿಗೆ ಕರೆದೊಯ್ದೆವು. ಬಲಗಡೆ ನಳಿಕೆ ಇಳಿಯಲಿಲ್ಲ. ಸ್ಕ್ಯಾನ್ ಮಾಡಿ, ಮೂಗಿನ ಹಿಂದೆ ಮೂಳೆ ಮುಚ್ಚಿಕೊಂಡಿದೆ ಎಂದರು. ಬಸುರಿಯಲ್ಲಿ ಗ್ರಹಣದ ದಿನ ಮಗಳು ಈಳಿಗೆಮಣೆ ಮುಂದೆ ಕೂತಿದ್ದಳು. ನಾನೂ ದಿನಾ ನೀರು ಹಾಕಿದ ಮೇಲೆ ಮಗುವಿನ ಮೂಗಿಗೆ ಹರಳೆಣ್ಣೆ ಬಿಟ್ಟು ಊದುತ್ತಿದ್ದೆ. ಅದರಿಂದ ಹೀಗಾಯಿತೆ? ಈಗಲೇ ಆಪರೇಷನ್ ಬೇಕೆ?
– ಒಬ್ಬ ಅಜ್ಜಿ, ಮಧುಗಿರಿ ತಾಲ್ಲೂಕು

ಉತ್ತರ: ಅಮ್ಮಾ, ಗ್ರಹಣದ ಮಾತು ಬಿಡಿ. ಮೂಗಿನ ಹಿಂಬಾಗಿಲು ಗಂಟಲಿಗೆ ತೆರೆದುಕೊಳ್ಳುವುದು ಗರ್ಭದ ಎರಡನೇ ತಿಂಗಳ ಹೊತ್ತಿಗೆ. ಸುಮಾರು 7,000 ಕೂಸುಗಳಲ್ಲಿ ಒಂದಕ್ಕೆ ಅದು ತೆರೆಯದೇ ಉಳಿಯುತ್ತದೆ. ನಿಮ್ಮ ಎಣ್ಣೆಯಿಂದ ಬಂದದ್ದೂ ಅಲ್ಲ. ಆದರೂ ಮೂಗಿಗೆ ಎಣ್ಣೆ ಇವತ್ತೇ ನಿಲ್ಲಿಸಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಊದುವುದೂ ಬೇಡ. ನೆತ್ತಿಗೆ ಹಚ್ಚಿಕೊಳ್ಳಿ, ನನ್ನ ತಕರಾರಿಲ್ಲ.

ಎಳೆಗೂಸು ಉಸಿರಾಡುವುದು ಮುಖ್ಯವಾಗಿ ಮೂಗಿನಲ್ಲೇ. ಬಾಯಿಂದ ಗಾಳಿ ಎಳೆಯುವುದು ಅತ್ತಾಗ. ಎರಡೂ ಕಡೆ ಮುಚ್ಚಿದ್ದರೆ ಹುಟ್ಟಿದ ಕೂಡಲೇ ಪ್ರಾಣಕ್ಕೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ಅಂಥದ್ದನ್ನು ನೋಡಿದೆ. ಅತ್ತರೆ ಕೆಂಪಗೆ, ಸುಮ್ಮನಾದರೆ ನೀಲಿ. ನಾನು ಹೃದಯದ ತೊಂದರೆ ಇರಬೇಕೆಂದು ಸ್ಟೆತಾಸ್ಕೋಪ್ ಒತ್ತುತ್ತಲೇ ಇದ್ದೆ. ಹೆರಿಗೆ ಮಾಡಿಸಿದ ಸಿಸ್ಟರ್ ಮಾತಾಡದೆ ಹತ್ತಿಯ ಒಂದೆಳೆ ಕಿತ್ತು ಹೊಳ್ಳೆ ಮುಂದೆ ಹಿಡಿದರು. ಅಲುಗಲಿಲ್ಲ. ಇನ್ನೊಂದರ ಮುಂದೆಯೂ ಅಲುಗಲಿಲ್ಲ. ಬಾಯಿಗೆ ಉಸಿರಿನ ದಾರಿ ತೆರೆದಿಡುವ ಪುಟ್ಟ ಪ್ಲಾಸ್ಟಿಕ್ ಏರ್‌ವೇ ಇಟ್ಟು, ಪ್ಲಾಸ್ಟರ್ ಅಂಟಿಸಿ ಬೆಂಗಳೂರಿಗೆ ಹೊರಟೆವು. ನೆಲಮಂಗಲ ದಾಟಿದರೂ ಆ ಏರ್‌ವೇ ಮೇಲಿನ ಬೆರಳು ನಾನು ತೆಗೆದಿರಲಿಲ್ಲ.

ನಿಮ್ಮ ಮೊಮ್ಮಗುವಿಗೆ ಒಂದೇ ಕಡೆ. ಎಡ ಹೊಳ್ಳೆಯಲ್ಲೇ ಉಸಿರಾಟ ನಡೆಯುತ್ತದೆ; ಆಪರೇಷನ್ನಿಗೆ ಸಾಮಾನ್ಯವಾಗಿ ಕೆಲವು ವರ್ಷ ಕಾಯುತ್ತಾರೆ. ಹೆದರಬೇಕಾದ್ದು ನೆಗಡಿಗೆ: ಇರುವ ಒಂದು ದಾರಿಯೂ ಕಟ್ಟಿಕೊಳ್ಳುತ್ತದೆ. ಆಗ ಹಾಲೂಡುವ ಮುಂಚೆ ಎಡ ಹೊಳ್ಳೆಗೆ ಡಾಕ್ಟರು ಹೇಳಿದಷ್ಟು ಸಲೈನ್ ಡ್ರಾಪ್ಸ್ ಬಿಟ್ಟು, ನಡುನಡುವೆ ಬಿಡಿಸಿ ಕುಡಿಸಿ. ತುಟಿ ನೀಲಿಯಾದರೆ ಮೊಲೆ ಬಿಡಿಸಿ, ಅಂಗಾಲು ತಟ್ಟಿ ಅಳಿಸಿ, 108ಕ್ಕೆ ಫೋನ್ ಮಾಡಿ. ನೆಗಡಿ ಇದ್ದವರು ಮನೆಯವರೇ ಆದರೂ ಮಗುವನ್ನು ಮುದ್ದಿಸಲು ಬರಬಾರದು, ನೆಂಟರಿಗೂ ಹೇಳಿಬಿಡಿ.

ಇನ್ನೊಂದು, ನೀವು ಬರೆದಿಲ್ಲ. ಇಂಥ ಕೆಲವು ಮಕ್ಕಳಿಗೆ ಹೃದಯ, ಕಣ್ಣು, ಕಿವಿಯ ತೊಂದರೆಯೂ ಜೊತೆಗಿರುತ್ತದೆ. ಹೃದಯದ ಸ್ಕ್ಯಾನ್, ಅಂದರೆ ಎಕೋ, ಆಗಿದೆಯೇ? ಆಗಿಲ್ಲದಿದ್ದರೆ ಮುಂದಿನ ಸಲ ತುಮಕೂರಿಗೆ ಹೋದಾಗ ಅದನ್ನೂ, ಕಣ್ಣು ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ.