ಕೊಳ್ಳಲು ಬಂದವರು ದ್ವೀಪವನ್ನೇ ಕಿತ್ತುಕೊಂಡದ್ದೇಕೆ?

ಪ್ರಶ್ನೆ: 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ದಾರಿ ಮುಚ್ಚಿದ್ದರಿಂದ ಯುರೋಪಿನವರು ಸಮುದ್ರಕ್ಕಿಳಿದರು ಎಂದು ಓದಿದ್ದೇನೆ. ಅವರಿಗೆ ಬೇಕಿದ್ದದ್ದು ಮಸಾಲೆ. ದುಡ್ಡು ಕೊಟ್ಟು ಕೊಂಡು ಹೋಗಬಹುದಿತ್ತಲ್ಲ, ನೆಲ ಏಕೆ ಬೇಕಾಯಿತು?
– ಪಿಯುಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ಪರೀಕ್ಷೆಯಲ್ಲಿ 1453 ಎಂದೇ ಬರೆಯಿರಿ, ಅಂಕ ಹೋಗುವುದು ಬೇಡ. ಆದರೆ ಮೆಣಸು, ಜಾಯಿಕಾಯಿ ಹೆಚ್ಚಾಗಿ ಹೋಗುತ್ತಿದ್ದದ್ದು ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾ ಹಾದು ವೆನಿಸ್‌ಗೆ. ಈಜಿಪ್ಟ್ ತುರ್ಕರ ವಶವಾದದ್ದು 1517ರಲ್ಲಿ. ವಾಸ್ಕೋ ಡ ಗಾಮ ಅದಕ್ಕೂ 19 ವರ್ಷ ಮೊದಲೇ ಕಲ್ಲಿಕೋಟೆಗೆ ಬಂದಿದ್ದ. ದಾರಿ ತೆರೆದೇ ಇತ್ತು, ಆದರೆ ಕೈಯಿಂದ ಕೈಗೆ ದಾಟುವಾಗಲೆಲ್ಲ ಬೆಲೆ ಏರುತ್ತಿತ್ತು. ಕೊನೆಯ ದೊಡ್ಡ ಲಾಭ ವೆನಿಸ್‌ನವರದು. ಪೋರ್ಚುಗೀಸರ ಕಣ್ಣು ಬಿದ್ದದ್ದು ಅದರ ಮೇಲೆ. ಆಫ್ರಿಕಾದ ಚಿನ್ನದ ಆಸೆ, ಧರ್ಮಯುದ್ಧದ ಹುರುಪು ಕೂಡ ಇದ್ದವು.

ಇನ್ನು ನೆಲದ ವಿಷಯ. ನಾಲ್ಕು ಜನ ಕೊಳ್ಳುವವರಿದ್ದರೆ ದರ ಹೇಳುವವನು ಬೆಳೆಗಾರ, ಒಬ್ಬನೇ ಇದ್ದರೆ ದರ ಅವನದೇ. ಅಡಿಕೆ ಮಂಡಿ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುರೋಪಿನವರು ಆ ಒಬ್ಬನೇ ಆಗಲು ಹೊರಟರು. ಕಾಳುಮೆಣಸಿನಲ್ಲಿ ಅದು ಪೂರ್ತಿ ಸಾಧ್ಯವಾಗಲಿಲ್ಲ. ಮಲಬಾರಿನಲ್ಲಿ, ಗೇರುಸೊಪ್ಪೆಯ ಸೀಮೆಯಲ್ಲಿ, ಸುಮಾತ್ರಾದಲ್ಲಿ, ಎಲ್ಲ ಕಡೆಯೂ ಬಳ್ಳಿ ಇತ್ತು. ಒಂದು ಬಂದರು ಮುಚ್ಚಿದರೆ ಸರಕು ಇನ್ನೊಂದರಿಂದ ಹೊರಡುತ್ತಿತ್ತು.

ಜಾಯಿಕಾಯಿಯ ಕಥೆ ಬೇರೆ. ಆಗ ಅದರ ವ್ಯಾಪಾರವೆಲ್ಲ ನಡೆಯುತ್ತಿದ್ದದ್ದು ಇಂದಿನ ಇಂಡೋನೇಷ್ಯಾದ ಬಂದಾ ಎಂಬ ಪುಟ್ಟ ದ್ವೀಪಗಳ ಗುಂಪಿನಿಂದ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಕೋಟೆ ಕಟ್ಟುವ, ಒಪ್ಪಂದ ಮಾಡುವ, ಯುದ್ಧ ಹೂಡುವ ಅಧಿಕಾರವನ್ನು ಡಚ್ ಸರ್ಕಾರವೇ ಕೊಟ್ಟಿತ್ತು. ಜಾಯಿಕಾಯಿ ನಮಗೊಬ್ಬರಿಗೇ ಮಾರಬೇಕು ಎಂದು ಕಂಪನಿ ಬಂದಾದ ಮುಖಂಡರಿಂದ ಒಪ್ಪಂದ ಬರೆಸಿಕೊಂಡಿತು. ಬಂದಾದವರು ಮಾತು ತಪ್ಪಿದರು ಎಂದು ಡಚ್ಚರು ದೂರುತ್ತಿದ್ದರು. ಆದರೆ ಆ ದ್ವೀಪಗಳಲ್ಲಿ ಊಟಕ್ಕೆ ಸಾಲುವಷ್ಟು ಬೆಳೆಯುತ್ತಿರಲಿಲ್ಲ. ಜಾವಾದ ವರ್ತಕರು ಅಕ್ಕಿ ತರುತ್ತಿದ್ದರು, ಭಾರತದ ಹತ್ತಿಬಟ್ಟೆಯೂ ಹೊರಗಿನ ಹಡಗುಗಳಲ್ಲೇ ಬರಬೇಕಿತ್ತು. ಡಚ್ಚರು ತಂದದ್ದು ಉಣ್ಣೆಬಟ್ಟೆ, ಮಖಮಲ್ಲು. ಆ ಸೆಕೆಯಲ್ಲಿ ಉಣ್ಣೆ ಹೊದ್ದು, ಮಖಮಲ್ಲು ತಿನ್ನಲಾದೀತೇ? ಹಳೆಯ ವರ್ತಕರಿಗೆ ಮಾರದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಜೊತೆಗೆ ರನ್ ಎಂಬ ದ್ವೀಪದಲ್ಲಿ ಇಂಗ್ಲಿಷರೂ ಬಂದು ಕುಳಿತಿದ್ದರು.

ಯುದ್ಧವಿಲ್ಲದೆ ವ್ಯಾಪಾರವಿಲ್ಲ ಎಂದು 1614ರಲ್ಲೇ ಕಂಪನಿಯ ಹಿರಿಯರಿಗೆ ಬರೆದಿದ್ದವನು ಯಾನ್ ಪೀಟರ್ಸೂನ್ ಕೂನ್. ಗವರ್ನರ್ ಜನರಲ್ ಆದಮೇಲೆ 1621ರಲ್ಲಿ ದಂಡು ಕಟ್ಟಿಕೊಂಡು ಬಂದಾಕ್ಕೆ ಬಂದ. ಜಪಾನಿನ ಬಾಡಿಗೆ ಸೈನಿಕರ ಕೈಯಿಂದ 44 ಮುಖಂಡರ ತಲೆ ಕಡಿಸಿದ. ಉಳಿದವರಲ್ಲಿ ಹಲವರು ಹಸಿವಿನಿಂದ ಸತ್ತರು, ಕೆಲವರು ದೋಣಿಯೇರಿ ಓಡಿದರು, ನೂರಾರು ಜನರನ್ನು ಬಟೇವಿಯಾಕ್ಕೆ (ಇಂದಿನ ಜಕಾರ್ತಾ) ಸಾಗಿಸಲಾಯಿತು. ಸುಮಾರು 15 ಸಾವಿರ ಜನರಲ್ಲಿ ದ್ವೀಪದಲ್ಲಿ ಉಳಿದವರು ಒಂದು ಸಾವಿರದಷ್ಟು ಎಂಬುದು ಸಾಮಾನ್ಯ ಅಂದಾಜು. ಬೆಳೆಗಾರರೇ ಇಲ್ಲದ ಮೇಲೆ ಕೊಯ್ಯುವವರು ಯಾರು? ಕಂಪನಿ ತೋಟಗಳನ್ನು ಪಾಲುಮಾಡಿ ಡಚ್ ಗುತ್ತಿಗೆದಾರರಿಗೆ ಕೊಟ್ಟು, ಗುಲಾಮರನ್ನು ತಂದು ದುಡಿಸಿತು.

1667ರ ಬ್ರೆಡಾ ಒಪ್ಪಂದದಲ್ಲಿ ರನ್ ಡಚ್ಚರಿಗೂ ಇಂದಿನ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಇಂಗ್ಲಿಷರಿಗೂ ಉಳಿಯಿತು. ಅಂದು ಡಚ್ಚರಿಗೆ ಅದು ನಷ್ಟವೆನಿಸಿರಲಿಕ್ಕಿಲ್ಲ.

ಬೇರೆಲ್ಲೂ ಮೊಳೆಯಬಾರದೆಂದು ಜಾಯಿಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಳಿಸುತ್ತಿದ್ದರು. ಆದರೂ 1770ರ ಹೊತ್ತಿಗೆ ಫ್ರೆಂಚರು ಸಸಿ ಕದ್ದು ಮಾರಿಷಸ್‌ಗೆ ಒಯ್ದರು. ಮುಂದೆ ಬಂದಾ ಕೆಲಕಾಲ ಬ್ರಿಟಿಷರ ಕೈಯಲ್ಲಿದ್ದಾಗ ಸಸಿಗಳು ಪೆನಾಂಗ್‌ಗೂ ಸಿಲೋನ್‌ಗೂ ಹೋದವು. ಡಚ್ ಕಂಪನಿಯೂ ಸಾಲದಲ್ಲಿ ಮುಳುಗಿ 1799ರಲ್ಲಿ ಮುಚ್ಚಿತು. ಈಗ ನಿಮ್ಮ ಕಡೆಯ ಅಡಿಕೆ ತೋಟಗಳ ನಡುವೆಯೂ ಜಾಯಿಕಾಯಿ ಮರ ಇರಬಹುದು, ಒಮ್ಮೆ ನೋಡಿ ಬನ್ನಿ.