ಕಂಪ್ಯೂಟರ್ ಪ್ರಶ್ನೋತ್ತರ: ನಾಲ್ಕು ನೋಡ್ ಕೊಟ್ಟರೂ ಲೆಕ್ಕ ಏಕೆ ಬೇಗ ಮುಗಿಯುತ್ತಿಲ್ಲ?

(ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.)

ಪ್ರಶ್ನೆ: ಮಾನ್ಯರೇ, ನಾನು ಸಂಶೋಧನಾ ವಿದ್ಯಾರ್ಥಿನಿ. ಕೊಡಗಿನ ಮುಂಗಾರು ಮಳೆಯನ್ನು ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿಯಲ್ಲಿ 3 ಕಿ.ಮೀ. ಅಳತೆಯ ಚೌಕಗಳಾಗಿ ಲೆಕ್ಕ ಹಾಕಿ, ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ಇಂಚು, ಸೆಂಟ್‌ಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟಿರುವ ಮಳೆ ಪುಸ್ತಕದೊಂದಿಗೆ ಹೋಲಿಸುತ್ತಿದ್ದೇನೆ. ಒಂದು ಸೂಪರ್‌ಕಂಪ್ಯೂಟರ್‌ನಲ್ಲಿ ನನಗೆ ಖಾತೆ ಸಿಕ್ಕಿದೆ. ಒಂದು ನೋಡ್‌ನಲ್ಲಿ (ಸೂಪರ್‌ಕಂಪ್ಯೂಟರ್‌ನೊಳಗಿನ ಒಂದು ಬಿಡಿ ಕಂಪ್ಯೂಟರ್), ಅಂದರೆ 48 ಕೋರ್‌ಗಳಲ್ಲಿ, ಒಂದು ದಿನದ ಲೆಕ್ಕ ಮುಗಿಯಲು ಎರಡು ಗಂಟೆ ಬೇಕಾಗುತ್ತದೆ. ನಾಲ್ಕು ನೋಡ್ ಕೊಟ್ಟರೆ ಎರಡೂವರೆ ಗಂಟೆ! ನೋಡ್‌ಗಳನ್ನು ಬೆಸೆಯುವ ನೆಟ್‌ವರ್ಕ್ ಇನ್ಫಿನಿಬ್ಯಾಂಡ್, ಸೆಕೆಂಡಿಗೆ 100 ಗಿಗಾಬಿಟ್ ವೇಗದ್ದು, ಅದರಲ್ಲಿ ದೋಷವಿಲ್ಲ ಎಂದು ಕೇಂದ್ರದವರು ಉತ್ತರಿಸಿದ್ದಾರೆ. ಓಪನ್ ಎಂಪಿಐ ಲೈಬ್ರರಿಯನ್ನು ನಾನೇ ನನ್ನ ಡೈರೆಕ್ಟರಿಯಲ್ಲಿ ಕಂಪೈಲ್ ಮಾಡಿಕೊಂಡಿದ್ದೇನೆ. ತಪ್ಪು ಮಾದರಿಯಲ್ಲಿದೆಯೇ?
— ಸೋಮವಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ಮಾದರಿಯನ್ನು ಸದ್ಯಕ್ಕೆ ಅನುಮಾನಿಸಬೇಡಿ. ಕೇಂದ್ರದವರು ಹೇಳಿರುವುದೂ ನಿಜವಿರಬಹುದು. ಇನ್ಫಿನಿಬ್ಯಾಂಡ್ ಸರಿಯಾಗಿದ್ದು, ನಿಮ್ಮ ಲೈಬ್ರರಿ ಅದನ್ನು ಮುಟ್ಟದೆಯೇ ಕೆಲಸ ಮಾಡುತ್ತಿದೆ ಎಂಬುದು ನನ್ನ ಬಲವಾದ ಊಹೆ.

ಕಾರಣ ತಿಳಿಯಬೇಕಾದರೆ ನಿಮ್ಮ ಲೆಕ್ಕ ಹೇಗೆ ನಡೆಯುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ.; 3 ಕಿ.ಮೀ. ಚೌಕಗಳಲ್ಲಿ ಇಡೀ ಜಿಲ್ಲೆ ಸುಮಾರು 450 ಚೌಕಗಳಲ್ಲಿ ಮುಗಿದುಹೋಗುತ್ತದೆ. ಆದರೆ ಮುಂಗಾರಿನ ಮೋಡ ಅರಬ್ಬೀ ಸಮುದ್ರದಿಂದ ಬರಬೇಕಾದ್ದರಿಂದ ನೀವು ಸಹಜವಾಗಿಯೇ ಕರಾವಳಿಯನ್ನೂ ಸಮುದ್ರದ ಒಂದು ಭಾಗವನ್ನೂ ಸೇರಿಸಿಕೊಂಡಿರುತ್ತೀರಿ. ಈ ದೊಡ್ಡ ಪ್ರದೇಶವನ್ನು ಮಾದರಿಯು ತುಂಡು ತುಂಡಾಗಿ ಕತ್ತರಿಸಿ ಒಂದೊಂದು ಪ್ರಾಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂನ ಒಂದು ಪ್ರತಿ) ಒಂದೊಂದು ತುಂಡನ್ನು ಹಂಚುತ್ತದೆ. ಭಾಗಮಂಡಲ ಒಬ್ಬರ ಪಾಲಿಗೆ ಬಂದರೆ ಸಂಪಾಜೆ ಪಕ್ಕದವರ ಪಾಲಿಗೆ ಬರಬಹುದು; ಆದರೆ ಗಾಳಿಗೆ ಈ ಗಡಿ ಗೊತ್ತಿಲ್ಲವಾದ್ದರಿಂದ, ಪ್ರತಿಯೊಂದು ಹೆಜ್ಜೆಯಲ್ಲೂ ಅಂಚಿನ ಚೌಕಗಳ ಗಾಳಿ, ಉಷ್ಣಾಂಶ, ತೇವಾಂಶಗಳನ್ನು ನೆರೆಯ ಪ್ರಾಸೆಸ್‌ಗೆ ತಿಳಿಸಲೇಬೇಕು. ಈ ಕೊಡು-ಕೊಳ್ಳುವಿಕೆಯೇ ಎಂಪಿಐ ಲೈಬ್ರರಿಯ ಕೆಲಸ. ಇದರ ಮೊದಲ ಮಾನಕ ಹೊರಬಂದದ್ದು 1994ರಲ್ಲಿ.

ಚೌಕದ ಅಳತೆ ಕಿಲೋಮೀಟರಿನಲ್ಲಿ ಎಷ್ಟಿದೆಯೋ ಅದರ ಆರು ಪಟ್ಟು ಸೆಕೆಂಡು ಒಂದು ಹೆಜ್ಜೆ ಎಂಬುದು ಡಬ್ಲ್ಯುಆರ್‌ಎಫ್ ಬಳಸುವವರ ರೂಢಿಯ ಲೆಕ್ಕ. ಅದರಂತೆ ನಿಮ್ಮ ಹೆಜ್ಜೆ 18 ಸೆಕೆಂಡಿನದು. ಒಂದು ದಿನಕ್ಕೆ 4,800 ಹೆಜ್ಜೆಗಳು. ಒಂದೊಂದು ಹೆಜ್ಜೆಯೊಳಗೂ ಮೂರು ಉಪಹಂತಗಳಿದ್ದು, ಅಂಚಿನ ವಿನಿಮಯ ಒಮ್ಮೆಗೇ ಮುಗಿಯುವುದಿಲ್ಲ, ಹಲವು ಬಾರಿ ನಡೆಯುತ್ತದೆ. ಒಂದು ತುಂಡಿನ ಅಂಚಿನಲ್ಲಿ 20 ಚೌಕ, ಐದು ಸಾಲು, 50 ಎತ್ತರದ ಪದರಗಳು, ಒಂದು ಸಂಖ್ಯೆಗೆ 4 ಬೈಟ್ ಎಂದು ಹಿಡಿದರೆ ಒಂದು ಅಳತೆಗೆ ಸಂಬಂಧಿಸಿದ ಸಂದೇಶ 20,000 ಬೈಟ್ ಆಗುತ್ತದೆ. 100 ಗಿಗಾಬಿಟ್ ತಂತಿಯಲ್ಲಿ ಇದು ಸಾಗಲು 1.6 ಮೈಕ್ರೋಸೆಕೆಂಡು ಸಾಕು. ಸಾಮಾನ್ಯ 1 ಗಿಗಾಬಿಟ್ ಈಥರ್ನೆಟ್‌ ನೆಟ್‌ವರ್ಕ್‌ನಲ್ಲಿ 160 ಮೈಕ್ರೋಸೆಕೆಂಡು ಬೇಕು. ಅದೂ ಆ ತಂತಿ ಒಂದೇ ಸಂದೇಶಕ್ಕೆ ಮೀಸಲಾಗಿದ್ದರೆ. ಒಂದು ನೋಡ್‌ನ 48 ಪ್ರಾಸೆಸ್‌ಗಳು ಅದೇ ತಂತಿಯ ಮುಂದೆ ಸಾಲು ನಿಂತರೆ ಏನಾಗುತ್ತದೆಂಬುದನ್ನು ನಿಮ್ಮ ಎರಡೂವರೆ ಗಂಟೆ ಹೇಳುತ್ತಿದೆ.

ಸೂಪರ್‌ಕಂಪ್ಯೂಟರ್‌ನ ನೋಡ್‌ಗಳಲ್ಲಿ ಸಾಮಾನ್ಯವಾಗಿ ಎರಡು ನೆಟ್‌ವರ್ಕ್‌ಗಳಿರುತ್ತವೆ. ಇನ್ಫಿನಿಬ್ಯಾಂಡ್ ಲೆಕ್ಕದ ಸಂದೇಶಗಳಿಗೆ. ಈಥರ್ನೆಟ್ ಲಾಗಿನ್, ಮೇಲ್ವಿಚಾರಣೆಯಂತಹ ಕೆಲಸಗಳಿಗೆ. ಓಪನ್ ಎಂಪಿಐ ಇನ್ಫಿನಿಬ್ಯಾಂಡ್ ಜೊತೆ ಮಾತನಾಡಲು ಈಗ ಯುಸಿಎಕ್ಸ್ ಎಂಬ ಇನ್ನೊಂದು ಲೈಬ್ರರಿಯನ್ನು ಅವಲಂಬಿಸಿದೆ. ನೀವು ಕಂಪೈಲ್ ಮಾಡುವ ಮೊದಲು ಓಡಿಸಿದ ಕಾನ್ಫಿಗರ್ ಆಜ್ಞೆಗೆ ಯುಸಿಎಕ್ಸ್ ಕಣ್ಣಿಗೆ ಬೀಳದಿದ್ದರೆ ಅದು ಕೆಲಸ ನಿಲ್ಲಿಸುವುದಿಲ್ಲ. ಯುಸಿಎಕ್ಸ್ ಇಲ್ಲದೆಯೇ ಲೈಬ್ರರಿಯನ್ನು ಕಟ್ಟಿ ಮುಗಿಸುತ್ತದೆ. ಮುಂದೆ ಪ್ರೋಗ್ರಾಂ ಓಡುವಾಗಲೂ ತಕರಾರು ಬರುವುದಿಲ್ಲ. ಲೈಬ್ರರಿ ಸಾಮಾನ್ಯ ಇಂಟರ್ನೆಟ್ ಬಳಸುವ ಟಿಸಿಪಿ ವಿಧಾನ ಹಿಡಿದು, ಸಿಕ್ಕ ದಾರಿಯಲ್ಲಿ ಸಂದೇಶಗಳನ್ನು ತಲುಪಿಸುತ್ತದೆ, ಉತ್ತರವೂ ಸರಿಯಾಗಿಯೇ ಬರುತ್ತದೆ. ಸರಿಯಾದ ಉತ್ತರ ಬರುವುದರಿಂದಲೇ ಈ ತಪ್ಪು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಯಂತ್ರದಲ್ಲಿ ಎರಡು ವಾರ ಕಂಪೈಲರ್ ಆಯ್ಕೆಗಳನ್ನು ಬದಲಿಸುತ್ತಾ ಕುಳಿತಿದ್ದೆ. ಕೊನೆಗೆ ಹತ್ತು ನಿಮಿಷದ ಒಂದು ಪರೀಕ್ಷೆಯಲ್ಲಿ ಸಂದೇಶಗಳೆಲ್ಲ ಈಥರ್ನೆಟ್‌ನಲ್ಲಿ ಹೋಗುತ್ತಿದ್ದುದು ಗೊತ್ತಾಯಿತು. ಅಂದಿನಿಂದ ಯಾವ ಹೊಸ ಯಂತ್ರಕ್ಕೆ ಹೋದರೂ ಆ ಪರೀಕ್ಷೆ ಮಾಡದೆ ನಾನು ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಆ ಪರೀಕ್ಷೆ ಹೀಗೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಓಎಸ್‌ಯು ಮೈಕ್ರೋಬೆಂಚ್‌ಮಾರ್ಕ್‌ಗಳನ್ನು ನಿಮ್ಮ ಲೈಬ್ರರಿಯಿಂದಲೇ ಕಂಪೈಲ್ ಮಾಡಿ, ಎರಡು ನೋಡ್ ಪಡೆದು, ನೋಡ್‌ಗೆ ಒಂದರಂತೆ ಎರಡು ಪ್ರಾಸೆಸ್ ಓಡಿಸಿ. ಎರಡೂ ಒಂದೇ ನೋಡ್‌ನಲ್ಲಿ ಕುಳಿತರೆ ನೀವು ಅಳೆಯುವುದು ನೆಟ್‌ವರ್ಕನ್ನಲ್ಲ, ನೋಡ್‌ನ ಮೆಮೊರಿಯನ್ನು. ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಚಿಕ್ಕ ಸಂದೇಶ ತಲುಪಲು ಒಂದೆರಡು ಮೈಕ್ರೋಸೆಕೆಂಡು, ದೊಡ್ಡ ಸಂದೇಶಗಳಲ್ಲಿ ಸೆಕೆಂಡಿಗೆ ಸುಮಾರು 12,000 ಮೆಗಾಬೈಟ್ ಎಂದು ಬಂದರೆ ನೀವು ಇನ್ಫಿನಿಬ್ಯಾಂಡ್ ಮೇಲಿದ್ದೀರಿ. ಹತ್ತಾರು ಮೈಕ್ರೋಸೆಕೆಂಡು ಮತ್ತು 110ರ ಆಸುಪಾಸಿನ ಮೆಗಾಬೈಟ್ ಎಂದು ಬಂದರೆ ಈಥರ್ನೆಟ್ ಮೇಲಿದ್ದೀರಿ. ವೇಗ ಇವೆರಡರ ನಡುವೆ ಇದ್ದು, ತಲುಪುವ ಸಮಯ ಮಾತ್ರ ಹತ್ತಾರು ಮೈಕ್ರೋಸೆಕೆಂಡಿನಲ್ಲೇ ಉಳಿದರೆ ಇನ್ಫಿನಿಬ್ಯಾಂಡ್ ತಂತಿಯ ಮೇಲೆಯೇ ಟಿಸಿಪಿ ಓಡುತ್ತಿರಬಹುದು. ಅದೂ ನಿಮಗೆ ಬೇಕಾದದ್ದಲ್ಲ.

ಊಹೆ ನಿಜವಾದರೆ ಲೈಬ್ರರಿಯನ್ನು ಮತ್ತೆ ಕಟ್ಟಿರಿ. ಈ ಬಾರಿ ಕಾನ್ಫಿಗರ್ ಆಜ್ಞೆಗೆ ‘ವಿತ್-ಯುಸಿಎಕ್ಸ್’ ಎಂಬ ಆಯ್ಕೆಯನ್ನು, ಯುಸಿಎಕ್ಸ್ ಇರುವ ಡೈರೆಕ್ಟರಿಯ ಹೆಸರಿನೊಂದಿಗೆ, ಬಾಯಿಬಿಟ್ಟು ಹೇಳಿ. ಹಾಗೆ ಹೇಳಿದ ಮೇಲೂ ಯುಸಿಎಕ್ಸ್ ಸಿಗದಿದ್ದರೆ ಕಾನ್ಫಿಗರ್ ಅಲ್ಲಿಯೇ ದೋಷ ತೋರಿಸಿ ನಿಲ್ಲುತ್ತದೆ. ಕಟ್ಟಿದ ಮೇಲೆ ‘ಓಎಂಪಿಐ_ಇನ್ಫೋ’ ಆಜ್ಞೆಯ ಉತ್ತರದಲ್ಲಿ ‘ಪಿಎಂಎಲ್’ (ಸಂದೇಶ ಸಾಗಿಸುವ ಪದರ) ಎಂಬ ಸಾಲುಗಳ ನಡುವೆ ಯುಸಿಎಕ್ಸ್ ಹೆಸರಿದೆಯೇ ಎಂದು ನೋಡಿ. ‘ಯುಸಿಎಕ್ಸ್_ಇನ್ಫೋ’ ಆಜ್ಞೆಗೆ ‘ಡಿ’ ಆಯ್ಕೆ ಕೊಟ್ಟು, ಲಾಗಿನ್ ನೋಡ್‌ನಲ್ಲಲ್ಲ, ಲೆಕ್ಕ ನಡೆಯುವ ನೋಡ್‌ನಲ್ಲಿ ಓಡಿಸಿ ಇನ್ಫಿನಿಬ್ಯಾಂಡ್ ಕಾರ್ಡ್ ಕಾಣುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಪ್ರೋಗ್ರಾಂ ಓಡಿಸುವಾಗಲೂ ಪಿಎಂಎಲ್ ಯುಸಿಎಕ್ಸ್ ಆಗಿಯೇ ಇರಬೇಕೆಂದು ಸ್ಪಷ್ಟವಾಗಿ ಸೂಚಿಸಿದರೆ, ದಾರಿ ಸಿಗದಾಗ ಲೆಕ್ಕ ಮೊದಲ ನಿಮಿಷದಲ್ಲೇ ನಿಂತುಹೋಗುತ್ತದೆ. ಸದ್ದಿಲ್ಲದೆ ತೆವಳುವ ಲೆಕ್ಕಕ್ಕಿಂತ ನಿಂತುಹೋದ ಲೆಕ್ಕ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಇನ್ಫಿನಿಬ್ಯಾಂಡ್ ಕಾರ್ಡ್ ಪ್ರಾಸೆಸರನ್ನು ಕೇಳದೆ ನೇರವಾಗಿ ಮೆಮೊರಿಯಿಂದ ಓದುತ್ತದೆ, ಬರೆಯುತ್ತದೆ. ಆದ್ದರಿಂದ ಆ ಮೆಮೊರಿ ಸ್ಥಳ ಬದಲಿಸದಂತೆ ಬೀಗ ಹಾಕಿರಬೇಕು. ಹಾಗೆ ಬೀಗ ಹಾಕಬಹುದಾದ ಮೆಮೊರಿಗೆ ಲಿನಕ್ಸ್ ಒಂದು ಮಿತಿ ಇಟ್ಟಿರುತ್ತದೆ, ಅದು ಕೆಲವು ಕಡೆ ಬರೀ 64 ಕಿಲೋಬೈಟ್ ಇರುವುದುಂಟು. ‘ಯುಲಿಮಿಟ್’ ಆಜ್ಞೆಗೆ ‘ಎಲ್’ ಆಯ್ಕೆ ಕೊಟ್ಟು ಜಾಬ್‌ನ ಒಳಗಿನಿಂದಲೇ ಕೇಳಿ. ‘ಅನ್‌ಲಿಮಿಟೆಡ್’ ಎಂದು ಬರದಿದ್ದರೆ ಕೇಂದ್ರದವರಿಗೆ ಬರೆಯಿರಿ, ಅದನ್ನು ಸರಿಪಡಿಸುವುದು ಅವರ ಕೈಯಲ್ಲೇ ಇದೆ.

ಪ್ರಶ್ನೆ: ನೋಡ್‌ಗಳಿಗೆ ಜಾಬ್‌ಗಳನ್ನು ಹಂಚುವ ಸ್ಲರ್ಮ್ ವ್ಯವಸ್ಥೆಯ ‘ಎಸ್‌ರನ್’ ಆಜ್ಞೆಯಿಂದ 96 ಪ್ರಾಸೆಸ್ ಓಡಿಸಿದರೆ ಪ್ರತಿಯೊಂದೂ ತಾನು ಸೊನ್ನೆಯನೆಯದು, ಒಟ್ಟು ಇರುವುದು ಒಂದೇ ಎನ್ನುತ್ತದೆ. ಉತ್ತರದ ಫೈಲ್ ಹಾಳಾಗುತ್ತಿದೆ.
— ಕುಶಾಲನಗರದ ಓದುಗರು

ಉತ್ತರ: ನೀವು 96 ಪ್ರಾಸೆಸ್‌ಗಳ ಒಂದು ಲೆಕ್ಕವನ್ನಲ್ಲ, ಒಂದೇ ಪ್ರಾಸೆಸ್‌ನ 96 ಬೇರೆ ಬೇರೆ ಲೆಕ್ಕಗಳನ್ನು ಓಡಿಸುತ್ತಿದ್ದೀರಿ, ಅವೆಲ್ಲವೂ ಒಂದೇ ಫೈಲಿಗೆ ಬರೆಯುತ್ತಿವೆ. ಯಾರ ಕ್ರಮಸಂಖ್ಯೆ ಎಷ್ಟು, ಜೊತೆಗಾರರು ಎಲ್ಲಿದ್ದಾರೆ ಎಂಬುದನ್ನು ಎಸ್‌ರನ್ ಪಿಎಂಐ ಅಥವಾ ಪಿಎಂಐಎಕ್ಸ್ ಎಂಬ ಒಡಂಬಡಿಕೆಯ ಮೂಲಕ ತಿಳಿಸುತ್ತದೆ. ಲೈಬ್ರರಿಗೂ ಸ್ಲರ್ಮ್‌ಗೂ ಆ ಒಡಂಬಡಿಕೆ ಒಂದೇ ಆಗಿಲ್ಲದಿದ್ದರೆ ಪ್ರತಿ ಪ್ರಾಸೆಸ್ ತಾನೊಬ್ಬನೇ ಎಂದು ತಿಳಿಯುತ್ತದೆ. ಎಸ್‌ರನ್‌ಗೆ ‘ಎಂಪಿಐ=ಲಿಸ್ಟ್’ ಎಂಬ ಆಯ್ಕೆ ಕೊಟ್ಟರೆ ಅಲ್ಲಿ ಯಾವುದು ಲಭ್ಯವಿದೆ ಎಂದು ಹೇಳುತ್ತದೆ; ಪಿಎಂಐಎಕ್ಸ್ ಇದ್ದರೆ ಅದನ್ನೇ ಸೂಚಿಸಿ ಓಡಿಸಿ. ಆಗಲೂ ಸರಿಹೋಗದಿದ್ದರೆ ಲೈಬ್ರರಿಯನ್ನು ಅದೇ ಪಿಎಂಐಎಕ್ಸ್ ಜೊತೆ ಮತ್ತೆ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಯುಸಿಎಕ್ಸ್‌ಗೆ ಸಂಬಂಧಿಸಿದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ನೂರಾರು ಇವೆ. ಬೇರೆಯವರ ಜಾಬ್ ಸ್ಕ್ರಿಪ್ಟ್‌ನಲ್ಲಿದ್ದ ಹತ್ತು ಸಾಲುಗಳನ್ನು ಹಾಗೆಯೇ ಹಾಕಿಕೊಂಡೆ, ವೇಗ ಕಡಿಮೆಯಾಯಿತು. ಯಾವುದು ಮುಖ್ಯ?
— ವಿರಾಜಪೇಟೆಯ ಓದುಗರು

ಉತ್ತರ: ಮೊದಲು ಆ ಹತ್ತೂ ಸಾಲುಗಳನ್ನು ತೆಗೆದುಹಾಕಿ. ಯುಸಿಎಕ್ಸ್ ತಾನಾಗಿ ಮಾಡುವ ಆಯ್ಕೆ ಬಹುಪಾಲು ಸಂದರ್ಭಗಳಲ್ಲಿ ಸರಿಯಾಗಿಯೇ ಇರುತ್ತದೆ. ನಿಮಗೆ ತೊಂದರೆ ಕೊಟ್ಟದ್ದು ಬಹುಶಃ ‘ಯುಸಿಎಕ್ಸ್_ಟಿಎಲ್‌ಎಸ್’ ಎಂಬ ಸಾಲು. ಅದು ಯಾವ ಯಾವ ದಾರಿಗಳನ್ನು ಬಳಸಬಹುದೆಂದು ಪಟ್ಟಿ ಕೊಡುತ್ತದೆ; ಪಟ್ಟಿಯಲ್ಲಿ ಇನ್ಫಿನಿಬ್ಯಾಂಡ್‌ನ ‘ಆರ್‌ಸಿ’ ಬರೆದು, ನೋಡ್‌ನೊಳಗಿನ ಹಂಚಿದ ಮೆಮೊರಿಯನ್ನು ಸೂಚಿಸುವ ‘ಎಸ್‌ಎಂ’ ಬಿಟ್ಟರೆ, ಪಕ್ಕದ ಕೋರ್‌ನಲ್ಲಿರುವ ಪ್ರಾಸೆಸ್‌ಗೆ ಹೋಗಬೇಕಾದ ಸಂದೇಶವೂ ನೆಟ್‌ವರ್ಕ್ ಕಾರ್ಡ್ ಸುತ್ತಿ ಬರುತ್ತದೆ. ಒಂದೇ ಲೈನ್ ಮನೆಯಲ್ಲಿರುವವರು ಅಂಚೆಯಲ್ಲಿ ಕಾಗದ ಕಳುಹಿಸಿಕೊಂಡಂತೆ.

ಮುಟ್ಟಲೇಬೇಕೆಂದರೆ ‘ಯುಸಿಎಕ್ಸ್_ಆರ್‌ಎನ್‌ಡಿವಿ_ಥ್ರೆಶ್’ ಎಂಬುದು ತಿಳಿದುಕೊಳ್ಳಲು ಯೋಗ್ಯವಾದದ್ದು. ಓಟಿ (ಶುದ್ಧ ಬೀಜದ ಪ್ರಮಾಣ) ನೋಡಿಸಲು ಒಂದು ಕಿಲೋ ಕಾಫಿ ಸ್ಯಾಂಪಲ್ ಒಯ್ಯುವಾಗ ನಾವು ಕ್ಯೂರಿಂಗ್ ವರ್ಕ್ಸ್‌ಗೆ ಮೊದಲೇ ಫೋನ್ ಮಾಡುವುದಿಲ್ಲ, ಕೈಯಲ್ಲಿ ಹಿಡಿದು ಹೋಗುತ್ತೇವೆ. ಒಂದು ಲಾರಿ ಲೋಡ್ ಕಳುಹಿಸುವಾಗ ಗೋದಾಮಿನಲ್ಲಿ ಜಾಗವಿದೆಯೇ ಎಂದು ಕೇಳಿಯೇ ಲಾರಿ ಹೊರಡಿಸುತ್ತೇವೆ. ಲೈಬ್ರರಿಯೂ ಹಾಗೆಯೇ: ಚಿಕ್ಕ ಸಂದೇಶವನ್ನು ಕೇಳದೆ ಕಳುಹಿಸಿ ಆ ಕಡೆ ಒಮ್ಮೆ ನಕಲು ಮಾಡಿಸಿಕೊಳ್ಳುತ್ತದೆ, ದೊಡ್ಡದಾದರೆ ಮೊದಲು ಕೇಳಿ, ನಂತರ ಸೇರಬೇಕಾದ ಜಾಗಕ್ಕೇ ನೇರವಾಗಿ ಇಳಿಸುತ್ತದೆ. ಎಷ್ಟು ಬೈಟ್‌ನಿಂದ ಮೇಲೆ ಕೇಳಬೇಕೆಂಬ ಗಡಿಯೇ ಈ ವೇರಿಯಬಲ್. ನಿಮ್ಮ ಸಂದೇಶಗಳು ಆ ಗಡಿಯ ಹತ್ತಿರವೇ ಇದ್ದರೆ ಮಾತ್ರ ಇದನ್ನು ಬದಲಿಸಿ ಅಳೆದು ನೋಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಗೂ ಕನಿಷ್ಠ ಮೂರು ಸಲ ಓಡಿಸಿ.

ಪ್ರಶ್ನೆ: ಈ ಸಲಹೆಗಳು ಎಲ್ಲ ಸೂಪರ್‌ಕಂಪ್ಯೂಟರ್‌ಗಳಿಗೂ ಅನ್ವಯಿಸುತ್ತವೆಯೇ?
— ಮಡಿಕೇರಿಯ ಓದುಗರು

ಉತ್ತರ: ಇಲ್ಲ. ನೆಟ್‌ವರ್ಕ್ ಬದಲಾದರೆ ಎಂಪಿಐ ಲೈಬ್ರರಿಯ ಕೆಳಗಿನ ಪದರವೂ ಬದಲಾಗುತ್ತದೆ. ಇನ್ಫಿನಿಬ್ಯಾಂಡ್ ಇದ್ದಲ್ಲಿ ಯುಸಿಎಕ್ಸ್. ಆಮ್ನಿ-ಪಾತ್ ಇದ್ದಲ್ಲಿ ಪಿಎಸ್‌ಎಂ2. ಸ್ಲಿಂಗ್‌ಶಾಟ್ ಇದ್ದಲ್ಲಿ ಲಿಬ್‌ಫ್ಯಾಬ್ರಿಕ್ ಲೈಬ್ರರಿ ಮತ್ತು ಅದರ ಸಿಎಕ್ಸ್‌ಐ ಎಂಬ ಭಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಸಹಸ್ರ-ಟಿ’ ಕ್ರೇ ಎಕ್ಸ್‌ಸಿ40 ಯಂತ್ರವಾಗಿತ್ತು. ಅದರ ಏರೀಸ್ ನೆಟ್‌ವರ್ಕ್‌ಗೆ ಕ್ರೇ ಕಂಪನಿಯ ಎಂಪಿಐ ಲೈಬ್ರರಿಯೇ ಸರಿಯಾಗಿತ್ತು, ಅದರ ಕಂಪೈಲರ್ ಆಜ್ಞೆಗಳನ್ನು ಬಳಸಿದರೆ ಆ ಲೈಬ್ರರಿ ತಾನಾಗಿ ಸೇರಿಕೊಳ್ಳುತ್ತಿತ್ತು. ಅದೇ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ಕ್ಕೆ ಹೋದವರು ಸಹಸ್ರ-ಟಿಯಲ್ಲಿ ಮಾಡಿದ್ದನ್ನು ಅಲ್ಲಿ ನಕಲು ಮಾಡಬಾರದು. ಯಾವ ಕೇಂದ್ರವಾದರೂ ಅಲ್ಲಿನವರು ಮಾಡ್ಯೂಲ್ ರೂಪದಲ್ಲಿ ಸಿದ್ಧಪಡಿಸಿಟ್ಟ ಲೈಬ್ರರಿಯನ್ನು ಮೊದಲು ಪ್ರಯತ್ನಿಸಿ, ಅದರ ಅಳತೆಯನ್ನು ಬರೆದಿಟ್ಟುಕೊಳ್ಳಿ. ನೀವೇ ಕಟ್ಟಿದ್ದು ಆ ಅಳತೆಯನ್ನು ಮುಟ್ಟಿದ ಮೇಲೆ ನಿಮ್ಮದನ್ನು ಬಳಸಿ.